ದನಿ ಸಣ್ಣಗಾಗಿದ್ದು ಎಲ್ಲಿ?

ತಮ್ಮಾ, ಕಾರಿನಲ್ಲಿ ಮೊಬೈಲಿನ ಹಾಡು ಸರಿಯಾಗಿ ಕೇಳಿಸುವುದಿಲ್ಲ ಅಂತ ದಾವಣಗೆರೆಗೆ ಹೋಗಿ ಆಂಪ್ಲಿಫೈಯರ್ ಹಾಕಿಸಿಕೊಂಡು ಬರುವ ಯೋಚನೆಯಲ್ಲಿದ್ದೀಯಂತೆ. ನಿನ್ನವ್ವ ಹೇಳಿದಳು. ದುಡಿದ ದುಡ್ಡು ನಿನ್ನದು, ಬೇಡ ಅನ್ನುವುದಿಲ್ಲ. ಆದರೆ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಲೇ ತಲೆ ನರೆತ ನಿನ್ನ ದೊಡ್ಡಪ್ಪನ ಮಾತು ಒಂದಿಷ್ಟು ಕೇಳಿಕೊಂಡು ಹೊರಡು.

ಮೊದಲು ಕಾರನ್ನು ಮನೆ ಮುಂದೆ ನಿಲ್ಲಿಸಿ ಅದೇ ಸ್ಟೀರಿಯೊದಲ್ಲಿ ಚಿತ್ರದುರ್ಗ ಆಕಾಶವಾಣಿ ಹಚ್ಚು. ರೇಡಿಯೊ ತುಂಬಿಕೊಂಡು ಕೇಳಿಸಿದರೆ ಸ್ಪೀಕರಿಗೂ ಸ್ಟೀರಿಯೊದೊಳಗಿನ ಆಂಪ್ಲಿಫೈಯರಿಗೂ ಏನೂ ಆಗಿಲ್ಲ. ಕೊರತೆ ಇರುವುದು ಮೊಬೈಲಿನಿಂದ ಸ್ಟೀರಿಯೊವರೆಗಿನ ದಾರಿಯಲ್ಲಿ. ರೇಡಿಯೊವೂ ಸಣ್ಣಗಿದ್ದರೆ ಮಾತ್ರ ಸ್ಪೀಕರಿನ ಕಡೆ ನೋಡು: ಬ್ಯಾಲೆನ್ಸ್, ಫೇಡರ್ ಯಾವುದೋ ಮೂಲೆಗೆ ಸರಿದಿರಬಹುದು, ಇಲ್ಲವೇ ಒಂದು ಸ್ಪೀಕರಿಗೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಬೇಸ್ ಸೊರಗಿರಬಹುದು. ಇಷ್ಟು ಸಣ್ಣ ಪರೀಕ್ಷೆ ಮಾಡದೆ ನಮ್ಮ ಹುಡುಗರು ಹೊಸ ಸ್ಪೀಕರಿಗೆ ದುಡ್ಡು ಸುರಿಯುವುದು ಕಂಡರೆ ನನಗೆ ಸಂಕಟವಾಗುತ್ತದೆ.

ದಾರಿಯಲ್ಲಿ ಆಗುವುದೇನು ಅಂತ ತಿಳಿದುಕೊ. ಇಯರ್‌ಫೋನು ಕಿವಿಯೊಳಗೇ ಕೂರುವುದರಿಂದ ಅದಕ್ಕೆ ಬಹಳ ಕಡಿಮೆ ವೋಲ್ಟೇಜು ಸಾಕು. ಸಿ.ಡಿ. ಪ್ಲೇಯರು ತನ್ನ ಹಿಂಬದಿಯ ಜ್ಯಾಕಿನಿಂದ ಸುಮಾರು 2 ವೋಲ್ಟ್ ಕೊಡುತ್ತದೆ. ಮೊಬೈಲಿನ ಇಯರ್‌ಫೋನ್ ಜ್ಯಾಕು ಪೂರ್ತಿ ವಾಲ್ಯೂಮಿನಲ್ಲೂ ಸಾಮಾನ್ಯವಾಗಿ ಅದರ ಅರ್ಧವನ್ನೋ ಕಾಲುಭಾಗವನ್ನೋ ಕೊಟ್ಟೀತು. ಯುರೋಪಿನಲ್ಲಿ ಕೇಳುವವರ ಕಿವಿ ಉಳಿಸಲು ಪ್ಲೇಯರುಗಳಿಗೆ 150 ಮಿಲಿವೋಲ್ಟಿನ ಮಿತಿ ಹಾಕಿದ್ದಾರೆ. ಕಿವಿಗೆ ಅದು ಒಳ್ಳೆಯ ನಿಯಮ. ಆದರೆ ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ನೆಂಟರು ತಂದುಕೊಟ್ಟ ಪ್ಲೇಯರನ್ನು ಕಾರಿಗೆ ಸಿಕ್ಕಿಸಿದಾಗ ಹಾಡು ಪಿಸುಗುಟ್ಟುವುದು ಇದರಿಂದಲೇ. ಸಿ.ಡಿ. ಪ್ಲೇಯರಿನ 2 ವೋಲ್ಟಿನ ಜೊತೆ ಹೋಲಿಸಿದರೆ ಆ 150 ಮಿಲಿವೋಲ್ಟು ಸುಮಾರು ಹದಿಮೂರರಲ್ಲಿ ಒಂದು ಪಾಲು.

ತೋಟದಲ್ಲಿ ಬೋರ್‌ವೆಲ್ ಹತ್ತಿರದ ವಾಲ್ವನ್ನು ಅರ್ಧ ಮುಚ್ಚಿ, ಕೊನೇ ಸಾಲಿನ ಅಡಿಕೆ ಗಿಡದ ಡ್ರಿಪ್ ಪೈಪನ್ನು ಎಷ್ಟು ಬಿಡಿಸಿದರೆ ನೀರು ಬಂದೀತು? ಇಲ್ಲಿಯೂ ಮೂಲ ಮೊದಲು. ಮೊಬೈಲಿನ ವಾಲ್ಯೂಮನ್ನು ನೂರಕ್ಕೆ ಎಂಬತ್ತು, ತೊಂಬತ್ತರವರೆಗೆ ಏರಿಸು. ಆಮೇಲೆ ಕಾರಿನ ಗುಂಡಿಯನ್ನು ಕಿವಿಗೆ ಹಿತವಾಗುವಷ್ಟು ತಿರುಗಿಸು. ಮೊಬೈಲು ಪೂರ್ತಿ ಏರಿದಾಗ ದನಿ ಒಡೆದರೆ ಒಂದೆರಡು ಗೆರೆ ಇಳಿಸಿಕೊ. ನೀನೀಗ ಮಾಡುತ್ತಿರುವುದು ಇದರ ತಿರುಗುಮುರುಗು: ಮೊಬೈಲನ್ನು ಅರ್ಧಕ್ಕೆ ಬಿಟ್ಟು ಸ್ಟೀರಿಯೊವನ್ನು ಕೊನೆಯವರೆಗೆ ತಿರುಗಿಸುತ್ತೀಯ. ಆಂಪ್ಲಿಫೈಯರು ತನ್ನೊಳಗೆ ಬಂದದ್ದನ್ನೆಲ್ಲ ಹಿಗ್ಗಿಸುತ್ತದೆ, ಹಾಡಿನ ಜೊತೆ ಸೇರಿಕೊಂಡ ಬುಸುಗುಡುವ ಸದ್ದನ್ನೂ ಬಿಡುವುದಿಲ್ಲ.

ಮೊಬೈಲಿನ ಸೆಟ್ಟಿಂಗಿನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಆಯ್ಕೆ ಇರುತ್ತದೆ, ಅದನ್ನು ನೋಡು. ಸ್ಟೀರಿಯೊದ ಮೆನುವಿನಲ್ಲೂ ಆಕ್ಸ್ ಲೆವೆಲ್ ಅಂತಲೋ ಸೋರ್ಸ್ ಲೆವೆಲ್ ಅಂತಲೋ ಒಂದು ಅಂಕಿ ಅಡಗಿರುತ್ತದೆ. ರೇಡಿಯೊದ ಗಟ್ಟಿತನಕ್ಕೆ ಸರಿಹೊಂದುವವರೆಗೆ ಅದನ್ನು ಏರಿಸಬಹುದು. ಕಾರಿನ ಜೊತೆ ಬಂದ ಪುಸ್ತಕ ಓದದೆ ಡಿಕ್ಕಿಯಲ್ಲಿ ಎಸೆದಿದ್ದೀಯ, ತೆಗೆದು ನೋಡು.

ಇನ್ನು ಕೇಬಲ್ಲು. ವಾದ್ಯಗಳು ಕೇಳಿಸುತ್ತವೆ, ಹಾಡುವವರ ದನಿ ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗಿದೆ ಅಂದೆಯಲ್ಲ, ಅದಕ್ಕೆ ಕಾರಣ ವಾಲ್ಯೂಮಲ್ಲ. ಪಿನ್ನು ಪೂರ್ತಿ ಒಳಗೆ ಕೂತಿಲ್ಲ. ಮೊಬೈಲಿನ ಕವರು ದಪ್ಪವಿದ್ದರೂ, ಜ್ಯಾಕಿನೊಳಗೆ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿದ್ದರೂ ಹೀಗಾಗುತ್ತದೆ. ಮೈಕ್ ಇರುವ ಇಯರ್‌ಫೋನಿನ ಥರ ಮೂರು ಕಪ್ಪು ಗೆರೆಯ ಪಿನ್ನಿನ ಕೇಬಲ್ ಹಾಕಿದರೂ ಕೆಲವು ಸ್ಟೀರಿಯೊಗಳಲ್ಲಿ ಗ್ರೌಂಡ್ ಸೇರುವುದಿಲ್ಲ. ಗ್ರೌಂಡ್ ತಪ್ಪಿದಾಗ ಎಡ ಬಲ ಎರಡರ ನಡುವಿನ ವ್ಯತ್ಯಾಸ ಮಾತ್ರ ಸ್ಪೀಕರಿಗೆ ಹೋಗುತ್ತದೆ. ಹಾಡುಗಾರರ ದನಿಯನ್ನು ಎರಡೂ ಕಡೆ ಸಮನಾಗಿ ಕೂರಿಸಿರುವುದರಿಂದ ಅದು ಅಳಿಸಿಹೋಗುತ್ತದೆ. ಒಣ ಕಡ್ಡಿಯಿಂದ ಮೆಲ್ಲಗೆ ಧೂಳು ತೆಗೆದು, ಎರಡು ಕಪ್ಪು ಗೆರೆಯ ಮಾಮೂಲಿ ಕೇಬಲ್ ಹಾಕಿ ನೋಡು. ಆಂಪ್ಲಿಫೈಯರಿನ ಬೆಲೆಗೆ ಹೋಲಿಸಿದರೆ ಅದರ ಬೆಲೆ ಯಾವ ಲೆಕ್ಕ? ಸೂಜಿ, ಪಿನ್ನು ಮಾತ್ರ ತೂರಿಸಬೇಡ.

ಜ್ಯಾಕೇ ಇಲ್ಲದ ಹೊಸ ಮೊಬೈಲಾದರೆ ನಡುವೆ ಹಾಕುವ ಅಡಾಪ್ಟರಿನೊಳಗೇ ದನಿ ತಯಾರಾಗುತ್ತದೆ. ಒಂದೊಂದು ಅಡಾಪ್ಟರು ಒಂದೊಂದು ಮಟ್ಟದಲ್ಲಿ ಕೊಡುತ್ತದೆ, ಗೆಳೆಯರದ್ದನ್ನು ಇಸಿದುಕೊಂಡು ಹೋಲಿಸಿ ನೋಡು. ಬ್ಲೂಟೂತಿನಲ್ಲಿ ಮೊಬೈಲಿಗೊಂದು, ಕಾರಿಗೊಂದು ವಾಲ್ಯೂಮ್ ಇರುತ್ತದೆ. ಹಾಡು ನಡೆಯುತ್ತಿರುವಾಗಲೇ ಎರಡನ್ನೂ ನೋಡಬೇಕು, ಯಾಕೆಂದರೆ ಕರೆಯ ವಾಲ್ಯೂಮೇ ಬೇರೆ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರನ್ನು ನಾನು ಯಾರಿಗೂ ಹೇಳುವುದಿಲ್ಲ. ಇನ್ಯಾವ ದಾರಿಯೂ ಇಲ್ಲದ ಹಳೇ ಕಾರಾದರೆ ಮಾತ್ರ, ಬೇರೆ ಸ್ಟೇಷನ್ನುಗಳಿಂದ ದೂರದ ಖಾಲಿ ಫ್ರೀಕ್ವೆನ್ಸಿಯಲ್ಲಿ ಇಟ್ಟುಕೊ. ನನ್ನ ಮೆಚ್ಚುಗೆ ಪೆನ್‌ಡ್ರೈವಿಗೆ. ಅದರಲ್ಲಿ ನಡುವಿನ ವೋಲ್ಟೇಜಿನ ತಕರಾರೇ ಇಲ್ಲ, ಫೈಲನ್ನು ಸ್ಟೀರಿಯೊ ತಾನೇ ಓದಿ ತನಗೆ ಬೇಕಾದ ಮಟ್ಟದಲ್ಲಿ ದನಿ ಮಾಡಿಕೊಳ್ಳುತ್ತದೆ.

ಮೊಬೈಲನ್ನು ಚಾರ್ಜಿಗೆ ಹಾಕಿದಾಗ, ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕುಂಯ್ ಸದ್ದು ಬಂದರೆ ಅದು ಆಲ್ಟರ್ನೇಟರಿನದು. ಚಾರ್ಜರಿನ ಮೂಲಕವೂ ಕೇಬಲ್ಲಿನ ಮೂಲಕವೂ ಎರಡು ಕಡೆ ಗ್ರೌಂಡ್ ಸೇರಿದ್ದರಿಂದ ಅದು ಒಳಗೆ ಬರುತ್ತದೆ. ಚಾರ್ಜರ್ ತೆಗೆದರೆ ಹೋಗುತ್ತದೆ.

ಈಗ ನನ್ನ ಮನಸ್ಸಿಗೆ ಹತ್ತಿರದ ಮಾತು. ಸಿನಿಮಾ ಹಾಡು ಅಬ್ಬರಿಸುತ್ತದೆ, ಅದರ ಹಿಂದೆಯೇ ವಚನ ಬಂದರೆ ಏನೂ ಕೇಳಿಸುವುದಿಲ್ಲ ಅನ್ನುತ್ತೀಯ. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳಲ್ಲಿ ಮೆಲುದನಿಯೂ ಇದೆ, ಏರುದನಿಯೂ ಇದೆ. ಈಗಿನ ಹಾಡುಗಳಲ್ಲಿ ಸಣ್ಣದನ್ನೂ ದೊಡ್ಡದನ್ನೂ ಒತ್ತಿ ಒಂದೇ ಎತ್ತರಕ್ಕೆ ತಂದಿರುತ್ತಾರೆ. ಅದರ ಮೇಲೆ, 1978ರ ‘ನಿತ್ಯೋತ್ಸವ’ದಂಥ ಕ್ಯಾಸೆಟ್ಟುಗಳನ್ನೂ ನಮ್ಮ ಮಠದ ತರಳಬಾಳು ಹುಣ್ಣಿಮೆ ಉತ್ಸವದ ರೆಕಾರ್ಡಿಂಗುಗಳನ್ನೂ ಮನೆಮಂದಿಯೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾರೆ. ದನಿ ಒಡೆದೀತೆಂಬ ಭಯಕ್ಕೆ ತೀರಾ ಸಣ್ಣದಾಗಿ ಇಳಿಸಿದ್ದೇ ಹೆಚ್ಚು.

ಇದಕ್ಕೆ ಮದ್ದು ಕಂಪ್ಯೂಟರಿನಲ್ಲೇ ಇದೆ. ತರಳಬಾಳು ಗುರುಗಳು ಪಾಣಿನಿಯ ವ್ಯಾಕರಣ ಅಷ್ಟಾಧ್ಯಾಯಿಯನ್ನೇ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ಮಾಡಿದ ಮಠದ ಊರು ನಮ್ಮದು, ಇಲ್ಲಿ ಕಂಪ್ಯೂಟರಿಗೆ ಹೆದರುವವರು ಯಾರಿದ್ದಾರೆ? ಎಂಪಿ3ಗೇನ್ ಅಂತ ಒಂದು ಉಚಿತ ತಂತ್ರಾಂಶವಿದೆ. ಅದು ಹಾಡುಗಳ ಸರಾಸರಿ ಗಟ್ಟಿತನ ಅಳೆದು, 1.5 ಡೆಸಿಬಲ್ಲಿನ ಮೆಟ್ಟಿಲುಗಳಲ್ಲಿ ಏರಿಸಿ ಇಳಿಸಿ, ಎಲ್ಲವನ್ನೂ 89 ಡೆಸಿಬಲ್ಲಿನ ಸುತ್ತ ತಂದು ನಿಲ್ಲಿಸುತ್ತದೆ. ಹಾಡಿನ ಗುಣಮಟ್ಟ ಕೆಡುವುದಿಲ್ಲ. ಆದರೂ ಮೂಲ ಫೈಲಿನ ಒಂದು ಪ್ರತಿ ಬೇರೆ ಇಟ್ಟುಕೊ. ಒಂದು ಭಾನುವಾರ ಕೂತು ಮಾಡು. ವಚನ ಬಂದಾಗ ಗುಂಡಿ ಏರಿಸಿ, ಅದರ ಹಿಂದೆ ಸಿನಿಮಾ ಹಾಡು ಹೊಡೆದಾಗ ಸ್ಟೀರಿಂಗ್ ಬಿಟ್ಟು ಕೈಚಾಚುವ ಗಾಬರಿ ತಪ್ಪುತ್ತದೆ. ಭರಮಸಾಗರದ ಕಡೆ ಹೈವೇ ಹತ್ತಿದ ಮೇಲೆ ಮೆನು ಹುಡುಕುವ ಕೆಲಸ ಮಾತ್ರ ಖಂಡಿತ ಬೇಡ, ಎಲ್ಲ ಸೆಟ್ಟಿಂಗೂ ಗಾಡಿ ನಿಂತಾಗಲೇ ಮುಗಿಯಬೇಕು.

ಕಿಟಕಿ ಇಳಿಸಿಕೊಂಡು ಓಡಿಸುತ್ತಾ ಹಾಡು ಕೇಳಿಸದು ಅಂದರೆ ಗಾಳಿಯ ಜೊತೆ ಪೈಪೋಟಿಗೆ ಇಳಿದ ಹಾಗೆ. ಗಾಜು ಏರಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಹಿಂದಿನ ಸೀಟಿನಲ್ಲಿ ಅವ್ವ ಕೂತಿರುತ್ತಾಳೆ ಅನ್ನುವುದೂ ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಏರಿಸಿದರೆ ಬರೀ 4 ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ತಮ್ಮಾ. ನಿನ್ನ ವಯಸ್ಸಿನಲ್ಲಿ ಅದು ತಿಳಿಯುವುದೂ ಇಲ್ಲ. ಶಾಲೆ, ಹಾಸ್ಟೆಲ್ಲುಗಳೇ ತುಂಬಿದ ನಮ್ಮೂರ ಬೀದಿಯಲ್ಲಿ ಹೊರಗೆ ಕೇಳುವ ಹಾಗೆ ಹಚ್ಚುವುದಂತೂ ಕೂಡದು.

ಇಷ್ಟೆಲ್ಲ ಮಾಡಿದ ಮೇಲೂ ಸಾಲದು ಅನ್ನಿಸಿದರೆ ಆಂಪ್ಲಿಫೈಯರ್ ಕೊಳ್ಳು, ಆದರೆ ಲೆಕ್ಕ ಗೊತ್ತಿರಲಿ. ಸ್ಟೀರಿಯೊದ ಡಬ್ಬದ ಮೇಲೆ 50 ವಾಟ್ ಅಂತ ಬರೆದಿದ್ದರೂ 12 ವೋಲ್ಟಿನ ಬ್ಯಾಟರಿಯಿಂದ ಒಂದೊಂದು ಸ್ಪೀಕರಿಗೆ ನಿರಂತರವಾಗಿ ಸಿಗುವುದು 20 ವಾಟಿನ ಆಸುಪಾಸು. ಅದನ್ನು 40 ಮಾಡಿದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಗಟ್ಟಿ ಅನ್ನಿಸಬೇಕಾದರೆ 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಹಾಕಿಸುವಾಗ ಅದರ ಗೇನ್ ತಿರುಪನ್ನು ಪೂರ್ತಿ ಕೆಳಗೆ ಇಳಿಸಿ, ಸ್ಟೀರಿಯೊವನ್ನು ಮುಕ್ಕಾಲು ಭಾಗ ಏರಿಸಿ, ದನಿ ಒಡೆಯುವ ಮುಂಚೆ ನಿಲ್ಲುವ ಹಾಗೆ ನಿಧಾನಕ್ಕೆ ತಿರುಗಿಸಲು ಹೇಳು. ಬ್ಯಾಟರಿಯಿಂದ ಬರುವ ಕೆಂಪು ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಅದಿಲ್ಲದಿದ್ದರೆ ವೈರು ಎಲ್ಲಾದರೂ ಸುಲಿದು ಕಾರಿನ ಲೋಹದ ಮೈಗೆ ತಾಗಿದಾಗ ಬೆಂಕಿ ಹತ್ತುತ್ತದೆ. ಫ್ಯೂಸ್ ಹಾಕಿದ್ದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡು.