ಡ್ರೈ ಸ್ನಾರ್ಕೆಲ್ ಕೊಳ್ಳುವ ಮುನ್ನ

ಡ್ರೈ ಸ್ನಾರ್ಕೆಲ್ ಇದ್ದರೆ ನೀರು ಒಳಗೆ ಬರುವುದೇ ಇಲ್ಲ ಎಂಬ ಧೈರ್ಯದ ಮೇಲೆ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಕಡಲಿಗೆ ಇಳಿಯಬೇಡಿ. ಅಲೆ ಬಂದಾಗ ಈ ಉಸಿರಾಟದ ಕೊಳವೆಯ ತುದಿಯ ಪುಟ್ಟ ತೇಲುವ ಕವಾಟ ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ಆಗ ನೀರಿನ ಜೊತೆಗೆ ಗಾಳಿಯೂ ನಿಲ್ಲುತ್ತದೆ. ಮರಳಿನ ಕಣವೋ ಒಣಗಿದ ಉಪ್ಪೋ ಸಿಕ್ಕಿಕೊಂಡರೆ ಕವಾಟ ಮುಚ್ಚಿದಂತೆಯೇ ಉಳಿಯಬಹುದು, ಇಲ್ಲವೇ ಅರೆಬರೆ ಮುಚ್ಚಿ ನೀರು ಬಿಡಬಹುದು. ಉಸಿರು ಬಾರದಿದ್ದರೆ ಇನ್ನಷ್ಟು ಜೋರಾಗಿ ಎಳೆಯಬೇಡಿ. ಕೊಳವೆ ಉಗುಳಿ, ತಲೆಯೆತ್ತಿ ಉಸಿರಾಡಿ.

ಹೊಸಬರಿಗೆ ಡ್ರೈ ಸ್ನಾರ್ಕೆಲ್ಲೇ ಕ್ಷೇಮವಲ್ಲವೇ ಎಂದು ನೀವು ಕೇಳಬಹುದು. ಅಲೆಯ ನೀರು ಗಂಟಲಿಗೆ ಇಳಿಯದಿರುವುದು ಅನುಕೂಲವೇ, ಅಲ್ಲಗಳೆಯುವುದಿಲ್ಲ. ಆದರೂ ಮೊದಲು ಸಾದಾ ಕೊಳವೆ ಕಚ್ಚಿಕೊಂಡು, ಎದೆಮಟ್ಟದ ನೀರಿನಲ್ಲಿ, ಒಳಗೆ ತುಂಬಿದ್ದನ್ನು ಒಂದೇ ಊದಿಗೆ ಹೊರಹಾಕುವುದನ್ನು ಕಲಿತುಬಿಡಿ. ಕವಾಟ ಕೈಕೊಟ್ಟಾಗ ಕಾಯುವುದು ಆ ಅಭ್ಯಾಸವೇ. ಉದ್ದದ ಕೊಳವೆ ಒಳ್ಳೆಯದೆಂಬ ಲೆಕ್ಕವೂ ಬೇಡ. ಬಿಟ್ಟ ಉಸಿರೇ ಅದರೊಳಗೆ ಉಳಿದು ಮತ್ತೆ ಎದೆಗೆ ಬರುತ್ತದೆ. ದೊಡ್ಡವರ ಕೊಳವೆಗೂ ಯುರೋಪಿನ ಮಾನದಂಡದಲ್ಲಿ 38 ಸೆಂ.ಮೀ. ಮಿತಿಯಿದೆ. ಅಂಗಡಿಯಲ್ಲೇ ಕೊಳವೆಯನ್ನು ಮೇಲೆ ಕೆಳಗೆ ತಿರುಗಿಸಿ, ಕವಾಟ ಸಲೀಸಾಗಿ ಸರಿಯುತ್ತದೆಯೇ ನೋಡಿ. ಕಡಲಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.