ಚೌಕಳಿ ಪುಸ್ತಕದಲ್ಲಿ ಮನೆವಾರ್ತೆ

ರಾಜಾಜಿನಗರವಿರಲಿ, ವಿಜಯನಗರವಿರಲಿ, ಹಳೆಯ ಮನೆಗಳ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿರುತ್ತದೆ. 1916ರಲ್ಲಿ ಶುರುವಾದ ಈ ಮುದ್ರಣಾಲಯ ಅಚ್ಚು ಹಾಕಿಕೊಡುವುದು ತಿಥಿ, ನಕ್ಷತ್ರ, ರಾಹುಕಾಲ. ಉಳಿದದ್ದನ್ನು ಮನೆಯವರೇ ಬರೆದುಕೊಳ್ಳುತ್ತಾರೆ: ಹಾಲು ಬಾರದ ದಿನಕ್ಕೊಂದು ಅಡ್ಡಗೆರೆ, ಹೊಸ ಸಿಲಿಂಡರ್ ಹಾಕಿದ ದಿನಕ್ಕೊಂದು ‘ಸಿ’, ಇಸ್ತ್ರಿಗೆ ಕೊಟ್ಟ ಬಟ್ಟೆಯ ಲೆಕ್ಕ. ಆ ಪುಟ್ಟ ಚೌಕದಲ್ಲಿ ಜಾಗ ಸಾಲದಾದಾಗ ಫ್ರಿಜ್ ಮೇಲೊಂದು ಚೀಟಿ, ಪರ್ಸಿನಲ್ಲೊಂದು ಚೀಟಿ, ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡ ಸಂದೇಶ. ಬೇಕಾದ ಹೊತ್ತಿಗೆ ಒಂದೂ ಕೈಗೆ ಸಿಗುವುದಿಲ್ಲ.

ಇವನ್ನೆಲ್ಲ ಒಂದೇ ಪುಸ್ತಕಕ್ಕೆ ತರುವ ಪದ್ಧತಿಗೆ ಬುಲೆಟ್ ಜರ್ನಲ್ ಎಂದು ಹೆಸರು. ಇದನ್ನು ರೂಪಿಸಿದವರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ವಿನ್ಯಾಸಕಾರ ರೈಡರ್ ಕ್ಯಾರೊಲ್. ಚಿಕ್ಕಂದಿನಿಂದ ಗಮನ ನಿಲ್ಲದ ತೊಂದರೆ ಇದ್ದ ಅವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಕ್ರಮವನ್ನು 2013ರಲ್ಲಿ ಎಲ್ಲರ ಮುಂದಿಟ್ಟರು. 2018ರಲ್ಲಿ ಅದು ಪುಸ್ತಕವಾಗಿಯೂ ಬಂತು. ಆಮೇಲೆ ಇನ್‌ಸ್ಟಾಗ್ರಾಂ ತುಂಬ ಹೂಬಳ್ಳಿ, ಜಲವರ್ಣ, ಬಣ್ಣದ ಟೇಪು ಅಂಟಿಸಿದ ಪುಟಗಳು ಕಾಣಿಸಿಕೊಂಡವು. ಅದನ್ನು ನೋಡಿ ಹೆದರಿ ಹಿಂದೆ ಸರಿದವರೇ ಹೆಚ್ಚು. ಕ್ಯಾರೊಲ್ ಹೇಳಿದ ಮೂಲ ಕ್ರಮದಲ್ಲಿ ಚಿತ್ರವೇ ಇಲ್ಲ. ಇರುವುದು ಗಿಡ್ಡ ಸಾಲುಗಳು ಮತ್ತು ನಾಲ್ಕಾರು ಗುರುತುಗಳು.

ಪಟ್ಟಿ ಬರೆದಿಡುವುದು ಕನ್ನಡದ ಮನೆಗಳಿಗೆ ಹೊಸದೂ ಅಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ವರ್ತಕರು ಲೆಕ್ಕ ಇಡುತ್ತಿದ್ದರು. ಶೃಂಗೇರಿ ಮಠದ ದಾಖಲೆಗಳಲ್ಲಿ ಇಂಥ ಕಡತಗಳು ಇಂದಿಗೂ ಉಳಿದಿವೆ. ಮದುವೆ ಮನೆಯ ಮುಯ್ಯಿ ಪುಸ್ತಕವಂತೂ ಇನ್ನೂ ಬಳಕೆಯಲ್ಲಿದೆ. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಟ್ಟು, ಅವರ ಮನೆಯ ಮದುವೆ ಬಂದಾಗ ತೆಗೆದು ನೋಡುವ ಆ ಪುಸ್ತಕಕ್ಕಿಂತ ಶಿಸ್ತಿನ ಜರ್ನಲ್ ಸಿಗುವುದು ಕಷ್ಟ.

ಶುರು ಮಾಡುವುದು ಹೀಗೆ

ಚುಕ್ಕಿ ಮುದ್ರಿಸಿದ ವಿದೇಶಿ ನೋಟ್‌ಬುಕ್ ಹುಡುಕಿಕೊಂಡು ಹೋಗಬೇಕಿಲ್ಲ. ಮಕ್ಕಳು ಲೆಕ್ಕ ಮಾಡುವ ಚೌಕಳಿ ಪುಸ್ತಕ ಸಾಕು. ಶಾಲೆಯ ವರ್ಷ ಮುಗಿದಾಗ ಅರ್ಧ ಖಾಲಿ ಉಳಿದ ಒಂದಾದರೂ ಮನೆಯಲ್ಲಿರುತ್ತದೆ. ಇಲ್ಲವಾದರೆ ಅವೆನ್ಯೂ ರಸ್ತೆಯ ಸಗಟು ಅಂಗಡಿಗಳಿವೆ. ಚೌಕಗಳಿರುವುದರಿಂದ ಸ್ಕೇಲ್ ಇಲ್ಲದೆ ಪಟ್ಟಿ ಎಳೆಯಬಹುದು, ದಿನಕ್ಕೊಂದು ಚೌಕ ತುಂಬಬಹುದು. ಮೊದಲು ಎಲ್ಲ ಪುಟಗಳಿಗೂ ಸಂಖ್ಯೆ ಹಾಕಿ. ಮೊದಲ ಎರಡು ಪುಟ ಪರಿವಿಡಿಗೆ ಮೀಸಲು. ‘ಅಮ್ಮನ ಮಾತ್ರೆಗಳು, ಪುಟ 14’ ಎಂಬ ಒಂದು ಸಾಲು ಪುಸ್ತಕವಿಡೀ ತಿರುವಿಹಾಕುವ ಕೆಲಸವನ್ನು ತಪ್ಪಿಸುತ್ತದೆ.

ಆಮೇಲೆ ಗುರುತುಗಳು. ಮಾಡಬೇಕಾದ ಕೆಲಸಕ್ಕೆ ಚುಕ್ಕಿ, ನಡೆಯಲಿರುವ ಸಂಗತಿಗೆ ಸೊನ್ನೆ, ನೆನಪಿಗಾಗಿ ಬರೆದ ಟಿಪ್ಪಣಿಗೆ ಅಡ್ಡಗೆರೆ. ಕೆಲಸ ಮುಗಿದರೆ ಚುಕ್ಕಿಯ ಮೇಲೆ ‘×’. ಮುಂದಿನ ತಿಂಗಳಿಗೆ ಹೋದರೆ ‘>’. ಬೇಡವಾದರೆ ಸಾಲನ್ನೇ ಹೊಡೆದುಹಾಕುವುದು. ಇಷ್ಟೇ. ಹತ್ತು ಬಣ್ಣಕ್ಕೆ ಹತ್ತು ಅರ್ಥ ಕೊಡಲು ಹೊರಟವರು ವಾರದೊಳಗೆ ಪುಸ್ತಕ ಮುಚ್ಚಿಡುತ್ತಾರೆ.

ಮುಂದಿನ ನಾಲ್ಕು ಪುಟಗಳಲ್ಲಿ ಇಡೀ ವರ್ಷ. ಪುಟಕ್ಕೆ ಮೂರು ತಿಂಗಳಂತೆ ಭಾಗ ಮಾಡಿ, ಗೊತ್ತಿರುವ ಗಡುವುಗಳನ್ನು ತುಂಬಿ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ, ಆ ತಿಂಗಳೇ ಪೂರ್ತಿ ಕಟ್ಟಿದರೆ ಶೇ 5ರ ರಿಯಾಯಿತಿ. ಜೂನ್‌ಗೆ ಮುಂಚೆ ಯೂನಿಫಾರಂ, ಪುಸ್ತಕ. ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವ ಹಿರಿಯರಿದ್ದರೆ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ. 80 ದಾಟಿದವರಾದರೆ ಅಕ್ಟೋಬರ್‌ನಲ್ಲೇ ಕೊಡಬಹುದು. ಗಾಡಿಯ ವಿಮೆ, ಎಮಿಷನ್ ಟೆಸ್ಟ್ ಮುಗಿಯುವ ದಿನ ಆಯಾ ಕಾಗದದ ಮೇಲೇ ಇರುತ್ತದೆ, ನೋಡಿ ಬರೆದುಕೊಂಡರಾಯಿತು. ಹಬ್ಬಗಳನ್ನು ಬರೆಯುವಾಗ ಹಬ್ಬದ ದಿನವನ್ನಲ್ಲ, ಅದರ ಹಿಂದಿನ ವಾರವನ್ನು ಗುರುತು ಮಾಡುವುದು ಜಾಣತನ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸಂಜೆ ವಿಜಯನಗರದ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿಂಗಳ ಪುಟಕ್ಕೆ ಎಡಗಡೆ 1ರಿಂದ 31ರವರೆಗೆ ತಾರೀಕು, ಪಕ್ಕದಲ್ಲಿ ಸೋ, ಮಂ, ಬು ಎಂದು ವಾರ. ನೀರು ಬಿಡುವ ದಿನ, ಒಣ ಕಸ ಒಯ್ಯುವ ದಿನ, ಚೀಟಿ ಹಣ ಕಟ್ಟುವ ದಿನ ಇಲ್ಲಿ ಬರಲಿ. ಬಲ ಪುಟದಲ್ಲಿ ಆ ತಿಂಗಳ ಕೆಲಸಗಳು.

ದಿನದ ಪಟ್ಟಿಗೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಕೆಂಗೇರಿಯಿಂದ ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವವರಿಗೆ ಇದಕ್ಕೆ ಪ್ರತ್ಯೇಕ ಹೊತ್ತೂ ಬೇಕಿಲ್ಲ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತಿರುವ ನೇರಳೆ ಮೆಟ್ರೊದಲ್ಲಿ ಸೀಟು ಸಿಕ್ಕರೆ, ರೈಲು ವಿಜಯನಗರ ತಲುಪುವುದರೊಳಗೆ ಪಟ್ಟಿ ಮುಗಿದಿರುತ್ತದೆ. ಬರೆಯುವ ರೀತಿ ಮಾತ್ರ ಮುಖ್ಯ. ‘ಬ್ಯಾಂಕ್’ ಎಂದು ಬರೆದರೆ ಸಾಲದು. ‘ಗುರುವಾರ 11ಕ್ಕೆ ಬ್ಯಾಂಕ್, ಪಾಸ್‌ಬುಕ್, ಪ್ಯಾನ್ ಕಾರ್ಡ್ ಜೊತೆ’ ಎಂದಿರಬೇಕು. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ, ಯಾವಾಗ ಹೇಗೆ ಮಾಡುವುದೆಂದು ನಿಶ್ಚಯಿಸಿದರೆ ಆ ಕೊರೆತ ಇಳಿಯುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ.

ಮೀಟರ್ ಪುಟ

ವಿಷಯಕ್ಕೊಂದು ಪುಟ ಎಂಬುದು ಈ ಪದ್ಧತಿಯ ನಿಜವಾದ ಲಾಭ. ಬೆಂಗಳೂರಿನವರು ಮೊದಲು ತೆರೆಯಬೇಕಾದದ್ದು ಕರೆಂಟ್ ಮೀಟರಿನ ಪುಟ.

2023ರಲ್ಲಿ ಜಾರಿಗೆ ಬಂದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಎಲ್ಲರಿಗೂ ಕಣ್ಣುಮುಚ್ಚಿ 200 ಯೂನಿಟ್ ಉಚಿತ ಎಂದೇನಿಲ್ಲ. ಸಾಮಾನ್ಯವಾಗಿ 2022–23ರಲ್ಲಿ ಆಯಾ ಮನೆ ಬಳಸಿದ ತಿಂಗಳ ಸರಾಸರಿಗೆ ಶೇ 10 ಸೇರಿಸಿ ಮಿತಿ ಗೊತ್ತುಮಾಡಿದ್ದಾರೆ. ಸರಾಸರಿ 120 ಇದ್ದ ಮನೆಗೆ ಮಿತಿ 132. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗೆ ಹಣ, 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಬಿಲ್ಲು ಕೈಗೆ ಬಂದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ.

ಹಾಗಾಗಿ ಪ್ರತಿ ಭಾನುವಾರ ಬೆಳಗ್ಗೆ ಮೀಟರ್ ನೋಡಿ ಒಂದು ಸಾಲು ಬರೆಯಬೇಕು. ಕಳೆದ ಬಿಲ್ಲಿನ ರೀಡಿಂಗ್ 4310, ಏಳು ದಿನದ ನಂತರ 4352 ಎಂದಿಟ್ಟುಕೊಳ್ಳಿ. ಬಳಸಿದ್ದು 42, ಅಂದರೆ ದಿನಕ್ಕೆ 6 ಯೂನಿಟ್, ತಿಂಗಳಿಗೆ 180. ಮಿತಿ 132 ಇರುವ ಮನೆಗೆ 48 ಯೂನಿಟ್ ಬಿಲ್ಲು ಬರುವುದು ಮೊದಲ ವಾರದಲ್ಲೇ ಕಾಣುತ್ತದೆ. ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ಇನ್ನೂ ಮೂರು ವಾರ ಉಂಟು. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ಸ್ವಿಚ್ ಆರಿಸಲು ಮರೆಯುವವರ ಹೆಸರನ್ನೂ ಅದೇ ಪುಟದಲ್ಲಿ ಬರೆಯಬಹುದು, ಮನೆಯಲ್ಲಿ ಶಾಂತಿ ಬೇಡವಾದರೆ.

ಇದೇ ರೀತಿ ಮಾತ್ರೆಗಳ ಪುಟ, ಇಸ್ತ್ರಿ ಲೆಕ್ಕದ ಪುಟ, ಯಾರಿಗೆ ಯಾವ ಪುಸ್ತಕ ಕೊಟ್ಟಿದ್ದೇವೆಂಬ ಪುಟ. ದಿನಸಿಗೂ ಒಂದು ಖಾಯಂ ಪುಟವಿರಲಿ: ಅನೇಕ ಮನೆಗಳಲ್ಲಿ ರೂಢಿಯಿರುವಂತೆ ಅರಿಶಿನದಿಂದಲೇ ಶುರುಮಾಡಿ ಎಲ್ಲ ಸಾಮಾನನ್ನೂ ಒಮ್ಮೆ ಬರೆದು, ಪಕ್ಕದಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಚೌಕ ಬಿಟ್ಟರೆ, ತಿಂಗಳು ತಿಂಗಳು ಬೇಕಾದದ್ದಕ್ಕೆ ಅಳತೆ ತುಂಬಿದರೆ ಸಾಕು. ವರ್ಷದ ಕೊನೆಗೆ ಮನೆಗೆ ತೊಗರಿಬೇಳೆ ಎಷ್ಟು ಬಂತು ಎಂಬುದೂ ಕೂಡಿಸಿದರೆ ಸಿಗುತ್ತದೆ.

ತಿಂಗಳ ಕೊನೆಯ ಸಂಜೆ

ಮುಗಿಯದ ಚುಕ್ಕಿಗಳನ್ನು ಹೊಸ ತಿಂಗಳಿಗೆ ಕೈಯಾರೆ ಮತ್ತೆ ಬರೆಯಬೇಕು. ಹಲವರಿಗೆ ಇದು ದಂಡದ ಕೆಲಸ ಎನಿಸುತ್ತದೆ. ಪದ್ಧತಿಯ ಜೀವ ಇರುವುದೇ ಇಲ್ಲಿ. ‘ಅಟ್ಟ ಖಾಲಿ ಮಾಡುವುದು’ ಎಂದು ಮೂರನೇ ತಿಂಗಳೂ ಬರೆಯುವಾಗ ಕೈ ತಾನಾಗಿ ನಿಲ್ಲುತ್ತದೆ. ಒಂದೋ ಈ ಭಾನುವಾರ ಮಾಡಬೇಕು, ಇಲ್ಲವೇ ಹೊಡೆದುಹಾಕಬೇಕು. ಮೊಬೈಲ್ ಆ್ಯಪ್ ಮುಗಿಯದ ಕೆಲಸವನ್ನು ತಾನೇ ಮುಂದಕ್ಕೆ ತಳ್ಳುತ್ತ ಹೋಗುತ್ತದೆ, ಯಾರನ್ನೂ ಕೇಳುವುದಿಲ್ಲ. ಆದರೆ ಮಾತ್ರೆಯ ಹೊತ್ತು, ರೈಲಿನ ಹೊತ್ತು ನೆನಪಿಸಲು ಮೊಬೈಲಿನ ಅಲಾರಂ ಬೇಕೇ ಬೇಕು. ಪುಸ್ತಕಕ್ಕೆ ಕೂಗಲು ಬರುವುದಿಲ್ಲ.

ಚಿತ್ರ, ಬಣ್ಣ ಬಂದರೆ ಕೊನೆಯಲ್ಲಿ ಬರಲಿ. ಚೌಕಳಿ ಪುಟದಲ್ಲಿ ಗೆರೆ ಕೂಡುವ ಜಾಗಕ್ಕೆಲ್ಲ ಚುಕ್ಕಿ ಇಟ್ಟರೆ ರಂಗೋಲಿ ಸಲೀಸಾಗಿ ಕೂರುತ್ತದೆ. ಪ್ರತಿ ತಿಂಗಳ ಮೊದಲ ಪುಟಕ್ಕೆ ಒಂದೊಂದು ಹಾಕುವ ಕೆಲಸವನ್ನು ಮಕ್ಕಳಿಗೆ ಅಥವಾ ಅಜ್ಜಿಗೆ ಬಿಟ್ಟುಕೊಡಬಹುದು. ಪುಸ್ತಕ ಒಬ್ಬರ ಸ್ವತ್ತಾಗದೆ ಮನೆಯವರೆಲ್ಲ ಬರೆಯುವಂತಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಎಲ್ಲರ ಕೈಗೂ ಸಿಗುವ ಪುಸ್ತಕವಾದ್ದರಿಂದ ಎಟಿಎಂ ಪಿನ್, ಪಾಸ್‌ವರ್ಡ್‌ಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಕೊನೆಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬೆಸ್ಕಾಂ ಸಹಾಯವಾಣಿ 1912, ಜಲಮಂಡಳಿ ಸಹಾಯವಾಣಿ 1916, ಜೊತೆಗೆ ನಿಮ್ಮ ಮನೆಯ ಬಿಲ್ಲುಗಳ ಮೇಲಿರುವ ಗ್ರಾಹಕ ಸಂಖ್ಯೆಗಳನ್ನು ಬರೆದಿಡಿ. ಕರೆಂಟ್ ಹೋದಾಗ ಫೋನ್ ಮಾಡಿದರೆ ಅವರು ಕೇಳುವುದು ಅದನ್ನೇ.