ಫೈಲು ಈಗ ಎಲ್ಲಿದೆ? – ನಂದಗಡದ ಅಭ್ಯಾಸ ಬೋಧನೆಯಲ್ಲಿ ಒಂದು ಕ್ರೋಮ್‌ಬುಕ್ ಪಾಠ

ಹಿನ್ನೆಲೆ

ಅಭ್ಯಾಸ ಬೋಧನೆಗೆಂದು ಖಾನಾಪುರ ತಾಲೂಕಿನ ನಂದಗಡದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನದಲ್ಲಿ ಸ್ಥಳೀಯ ಇತಿಹಾಸದ ಯೋಜನಾ ಕಾರ್ಯ ಕೊಡಬೇಕಿತ್ತು. ನಂದಗಡದಲ್ಲಿ ಇದಕ್ಕೆ ವಿಷಯ ಹುಡುಕಬೇಕಾಗಿಯೇ ಇಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇದೇ ಊರಲ್ಲಿ. ಅವನ ಸಮಾಧಿಯೂ ಆಲದ ಮರವೂ ಮಕ್ಕಳು ದಿನಾ ಕಾಣುವಂಥವು. ತರಗತಿಯನ್ನು ನಾಲ್ಕು ಗುಂಪು ಮಾಡಿದೆ. ಒಂದಕ್ಕೆ ಸಮಾಧಿ, ಒಂದಕ್ಕೆ ಗಲ್ಲಿಗೇರಿಸಿದ ಸ್ಥಳ, ಒಂದಕ್ಕೆ ಕದಂಬರ ಕಾಲದ ಹಲಸಿ, ಇನ್ನೊಂದಕ್ಕೆ ರಾಯಣ್ಣನ ಮೇಲೆ ಹಿರಿಯರು ಹಾಡುವ ಪದಗಳು.

ಶಾಲೆಯಲ್ಲಿ ದಾನಿಗಳು ಕೊಟ್ಟ ನಾಲ್ಕು ಕ್ರೋಮ್‌ಬುಕ್‌ಗಳಿದ್ದವು. 2011ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಬಗೆಯ ಲ್ಯಾಪ್‌ಟಾಪಿನಲ್ಲಿ ಸಂಗ್ರಹದ ಜಾಗ ಸಾಮಾನ್ಯವಾಗಿ ಕಡಿಮೆ. ಕೆಲಸವೆಲ್ಲ ಅಂತರಜಾಲದಲ್ಲಿ ನಡೆದು, ಕಡತಗಳು ಗೂಗಲ್ ಡ್ರೈವ್‌ನಲ್ಲಿ ಉಳಿಯಲಿ ಎಂಬುದು ಅದರ ರಚನೆಯ ಮೂಲ ಉದ್ದೇಶ. ಇದು ನನಗೆ ಗೊತ್ತಿತ್ತು. ಆದರೆ ಗೊತ್ತಿದ್ದುದನ್ನು ಪಾಠ ಯೋಜನೆಯಲ್ಲಿ ಸೇರಿಸಿರಲಿಲ್ಲ.

ಮೊದಲ ಪಾಠದಲ್ಲಿ ಆದ ತಪ್ಪು

ಮೊದಲ ದಿನ ನಲವತ್ತು ನಿಮಿಷದ ಅವಧಿ. ಖಾತೆ, ಪಾಸ್‌ವರ್ಡ್ ಎಂದು ಹೊತ್ತು ಹೋಗುತ್ತದೆಂದು ನಾಲ್ಕೂ ಯಂತ್ರಗಳನ್ನು ಅತಿಥಿಯಾಗಿ, ಅಂದರೆ ‘ಗೆಸ್ಟ್’ ಎಂದು ತೆರೆದುಕೊಟ್ಟೆ. ಮಕ್ಕಳು ಫೋನಿನಿಂದ ಕೇಬಲ್ ಮೂಲಕ ಚಿತ್ರಗಳನ್ನು ಹಾಕಿದರು. ಹಾಡಿನ ಗುಂಪಿನ ಹುಡುಗಿ ತನ್ನ ಅಜ್ಜಿ ಹಾಡಿದ್ದ ರಾಯಣ್ಣನ ಪದವನ್ನು ಹಾಕಿದಳು. ಫೋನು ತುಂಬಿಹೋಗಿತ್ತು. “ಇಲ್ಲಿ ಬಂತಲ್ಲ, ಫೋನಿನದು ಅಳಿಸು” ಎಂದವಳು ನಾನೇ. ಹೊಸ ಫೋಲ್ಡರ್ ಮಾಡುವುದು, ಹೆಸರು ಬದಲಿಸುವುದು, ಎಳೆದು ಹಾಕುವುದು ಎಲ್ಲವನ್ನೂ ಕಲಿಸಿದೆ. ಗಂಟೆ ಹೊಡೆಯಿತು, ಯಂತ್ರಗಳನ್ನು ಮುಚ್ಚಿಸಿದೆ. ಅವಲೋಕನ ಮಾಡಿದ ಮಾರ್ಗದರ್ಶಕ ಶಿಕ್ಷಕರು ‘ಮಕ್ಕಳ ಸಹಭಾಗಿತ್ವ ಉತ್ತಮ’ ಎಂದು ಬರೆದರು.

ಮರುದಿನ ಯಂತ್ರ ತೆರೆದಾಗ ಏನೂ ಇರಲಿಲ್ಲ. ಅತಿಥಿಯಾಗಿ ಬಳಸಿದ ಕ್ರೋಮ್‌ಬುಕ್, ಹೊರಬಂದ ಕೂಡಲೇ ಆ ಅವಧಿಯಲ್ಲಿ ಸೇರಿದ ಎಲ್ಲವನ್ನೂ ಅಳಿಸುತ್ತದೆ. ಅದು ದೋಷವಲ್ಲ, ಅತಿಥಿಯ ಗುರುತು ಉಳಿಯಬಾರದೆಂದೇ ಮಾಡಿದ ವ್ಯವಸ್ಥೆ. ಉಳಿದ ಗುಂಪುಗಳು ಚಿತ್ರಗಳನ್ನು ಮತ್ತೆ ತೆಗೆಯಬಹುದಿತ್ತು. ಆ ಹುಡುಗಿ ಮಾತ್ರ, “ಟೀಚರ್, ನಮ್ಮ ಅಜ್ಜಿ ಹಾಡು ಎಲ್ಲಿ ಹೋತ್ರೀ?” ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನ ಪಾಠದಲ್ಲಿ ಉತ್ತರ ಇರಲಿಲ್ಲ. ಫೈಲನ್ನು ಜೋಡಿಸುವುದು ಹೇಗೆಂದು ಕಲಿಸಿದ್ದೆ, ಅದು ಎಲ್ಲಿದೆ ಎಂದು ಕಲಿಸಿರಲಿಲ್ಲ. ಫೋನಿನಲ್ಲಿ ಬೆಳೆದ ಮಕ್ಕಳಿಗೆ ಚಿತ್ರ ಎಂದರೆ ಗ್ಯಾಲರಿಯಲ್ಲಿ ಇರುವಂಥದ್ದು, ಹಾಡು ಎಂದರೆ ವಾಟ್ಸಾಪಿನಲ್ಲಿ ಬಂದದ್ದು. ಅದಕ್ಕೊಂದು ಜಾಗ ಇದೆ, ಆ ಜಾಗವನ್ನು ನಾವು ಆರಿಸಬೇಕು ಎಂಬ ಕಲ್ಪನೆಯೇ ಅವರಿಗೆ ಬಂದಿರುವುದಿಲ್ಲ. ಆದ್ದರಿಂದ ಎರಡನೆಯ ಪಾಠವನ್ನು ಈ ಒಂದು ಪ್ರಶ್ನೆಯ ಮೇಲೆಯೇ ಹೊಸದಾಗಿ ಯೋಜಿಸಿದೆ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು:
1. ತನ್ನ ಫೈಲು ಯಂತ್ರದಲ್ಲಿದೆಯೋ ಡ್ರೈವ್‌ನಲ್ಲಿದೆಯೋ ಎಂದು ನೋಡಿ ಹೇಳುವನು.
2. ಯಂತ್ರದಲ್ಲಿರುವ ಫೈಲನ್ನು ಡ್ರೈವ್‌ನ ಸರಿಯಾದ ಫೋಲ್ಡರಿಗೆ ನಕಲು ಮಾಡುವನು.
3. ಇತರರಿಗೂ ಅರ್ಥವಾಗುವಂತೆ ಫೈಲಿಗೆ ಹೆಸರಿಡುವನು.
4. ಫೈಲು ಉಳಿದಿದೆ ಎಂಬುದನ್ನು ಬೇರೆ ಯಂತ್ರದಲ್ಲಿ ತೆರೆದು ಖಚಿತಪಡಿಸುವನು.

ಪಾಠದ ಹಂತಗಳು (5ಇ ಮಾದರಿ)

ತೊಡಗಿಸಿಕೊಳ್ಳುವಿಕೆ: ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆದು, “ಮುಂದಿನ ಅವಧಿಗೆ ಗಣಿತದ ಸರ್ ಬಂದರೆ ಇದು ಏನಾಗುತ್ತದೆ?” ಎಂದು ಕೇಳಿದೆ. “ಒರಸ್ತಾರ್ರೀ” ಎಂದರು. “ಇದನ್ನೇ ಶಾಲೆಯ ಟ್ರಂಕಿನಲ್ಲಿಟ್ಟ ವಹಿಯಲ್ಲಿ ಬರೆದಿದ್ದರೆ?” “ಇರತೈತ್ರಿ, ಆದರ ಟ್ರಂಕ್ ಇದ್ದಲ್ಲೇ ಹೋಗಿ ನೋಡಬೇಕು.” “ಬ್ಯಾಂಕಿಗೆ ಕಟ್ಟಿದ ದುಡ್ಡು?” “ಖಾನಾಪುರದಾಗೂ ತೆಗೀಬಹುದು, ಬೆಳಗಾವಿಯಾಗೂ ತೆಗೀಬಹುದು.” ಹೀಗೆ ಮೂರು ಜಾಗಗಳು ಅವರ ಬಾಯಿಂದಲೇ ಬಂದವು. ಅತಿಥಿ ಅವಧಿ ಕಪ್ಪುಹಲಗೆ, ಯಂತ್ರದ ‘ಡೌನ್‌ಲೋಡ್ಸ್’ ಟ್ರಂಕು, ಡ್ರೈವ್ ಬ್ಯಾಂಕಿನ ಖಾತೆ. ಮೊದಲ ದಿನ ನಾನು ಅವರಿಂದ ಕಪ್ಪುಹಲಗೆಯ ಮೇಲೆ ಬರೆಸಿದ್ದೆ ಎಂದು ಒಪ್ಪಿಕೊಂಡೆ.

ಪರಿಶೋಧನೆ: ಈ ಸಲ ನಾಲ್ಕೂ ಯಂತ್ರಗಳನ್ನು ಯೋಜನೆಗೆಂದೇ ಮಾಡಿದ ಒಂದೇ ಖಾತೆಯಿಂದ ತೆರೆಯಲಾಯಿತು. ಪ್ರತಿ ಗುಂಪು ಒಂದು ಚಿತ್ರವನ್ನು ‘ಡೌನ್‌ಲೋಡ್ಸ್’ನಲ್ಲೂ ಇನ್ನೊಂದನ್ನು ‘ಮೈ ಡ್ರೈವ್’ನಲ್ಲೂ ಇಟ್ಟಿತು. ಆಮೇಲೆ ಗುಂಪುಗಳು ಯಂತ್ರ ಬದಲಾಯಿಸಿಕೊಂಡವು. ಡ್ರೈವ್‌ನಲ್ಲಿಟ್ಟದ್ದು ನಾಲ್ಕೂ ಯಂತ್ರಗಳಲ್ಲಿ ಕಂಡಿತು, ಡೌನ್‌ಲೋಡ್ಸ್‌ನಲ್ಲಿಟ್ಟದ್ದು ಕಾಣಲಿಲ್ಲ. “ಖಾತೆ ಅದೇ ಐತೆಲ್ರೀ, ಮತ್ಯಾಕ ಇಲ್ಲ?” ಎಂಬ ಪ್ರಶ್ನೆ ಎರಡು ಗುಂಪುಗಳಿಂದ ಬಂತು. ಪಾಠದ ತಿರುಳು ಇದೇ. ನಾನು ಹೇಳಿದ್ದರೆ ಮರೆಯುತ್ತಿದ್ದರು, ಖಾಲಿ ಪರದೆ ನೋಡಿದ್ದರಿಂದ ನೆನಪಿಟ್ಟರು.

ವಿವರಣೆ: ‘ಫೈಲ್ಸ್’ ತೆರೆದರೆ ಎಡಬದಿಯಲ್ಲಿ ‘ಮೈ ಫೈಲ್ಸ್’ ಮತ್ತು ‘ಗೂಗಲ್ ಡ್ರೈವ್’ ಬೇರೆಬೇರೆಯಾಗಿ ಕಾಣುತ್ತವೆ. ಮೊದಲನೆಯದರಲ್ಲಿರುವುದು ಆ ಯಂತ್ರಕ್ಕಷ್ಟೇ ಸೀಮಿತ. ಯಂತ್ರ ಕೆಟ್ಟರೆ, ಆ ಖಾತೆಯನ್ನು ಯಂತ್ರದಿಂದ ತೆಗೆದರೆ, ಇಲ್ಲವೆ ‘ಪವರ್‌ವಾಶ್’ ಮಾಡಿ ಯಂತ್ರವನ್ನು ಹೊಸದರಂತೆ ಮಾಡಿದರೆ ಅದು ಹೋಗುತ್ತದೆ. ಡ್ರೈವ್‌ನಲ್ಲಿರುವುದಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ಡ್ರೈವ್‌ಗೂ ಮಿತಿಯಿದೆ. ಉಚಿತ ಖಾತೆಗೆ 15 ಜಿಬಿ ಜಾಗ. ಅದು ಡ್ರೈವ್, ಜಿಮೇಲ್, ಫೋಟೋಸ್ ಮೂರಕ್ಕೂ ಸೇರಿ. ಒಬ್ಬರು ಡ್ರೈವ್‌ನಿಂದ ಅಳಿಸಿದರೆ ಎಲ್ಲ ಯಂತ್ರಗಳಲ್ಲೂ ಮಾಯವಾಗುತ್ತದೆ. ಇದನ್ನೂ ಮಾಡಿ ತೋರಿಸಿದೆ. ಒಂದು ಚಿತ್ರ ಅಳಿಸಿ, ಬ್ರೌಸರಿನಲ್ಲಿ ಡ್ರೈವ್ ತೆರೆದು, ‘ಟ್ರ್ಯಾಶ್’ನಿಂದ ಮರಳಿ ತಂದೆವು. ಅಲ್ಲಿ 30 ದಿನ ಇರುತ್ತದೆ, ಆಮೇಲೆ ಸಿಗುವುದಿಲ್ಲ.

ವಿಸ್ತರಣೆ: ನಾಲ್ಕು ಗುಂಪುಗಳ ಹೆಸರಿನಲ್ಲಿ ನಾಲ್ಕೇ ಫೋಲ್ಡರ್. ಫೋಲ್ಡರಿನೊಳಗೆ ಫೋಲ್ಡರ್ ಬೇಡವೆಂದು ಮಕ್ಕಳೇ ತೀರ್ಮಾನಿಸಿದರು. ಫೈಲಿನ ಹೆಸರಿನಲ್ಲಿ ಮೊದಲು ದಿನಾಂಕ, ಆಮೇಲೆ ವಿಷಯ, ಕೊನೆಗೆ ಗುಂಪು. ದಿನಾಂಕದಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಹಾಗಾದರೆ ಹೆಸರಿನ ಕ್ರಮವೇ ಕಾಲಕ್ರಮವಾಗುತ್ತದೆ. ತಿಂಗಳು, ದಿನ ಎರಡಕ್ಕೂ ಎರಡೆರಡು ಅಂಕಿ. ತರಗತಿಯಲ್ಲಿ ಮನೆಮಾತು ಮರಾಠಿಯಾದವರೂ ಇದ್ದರು. ಒಬ್ಬರು ರಾಯಣ್ಣನ ಹೆಸರನ್ನು ಕನ್ನಡದಲ್ಲಿ, ಇನ್ನೊಬ್ಬರು ದೇವನಾಗರಿಯಲ್ಲಿ ಬರೆದರೆ ಪಟ್ಟಿಯಲ್ಲಿ ಎರಡೂ ಬೇರೆಬೇರೆ ಕಡೆ ಹೋಗಿ ಕೂರುತ್ತವೆ. ಫೈಲಿನ ಹೆಸರು ಕನ್ನಡ ಲಿಪಿಯಲ್ಲಿ, ಒಳಗಿನ ಬರಹ ಅವರವರಿಗೆ ಬರುವ ಭಾಷೆಯಲ್ಲಿ ಎಂದು ಒಪ್ಪಿಕೊಂಡೆವು.

ಮೌಲ್ಯಮಾಪನ: ಬರವಣಿಗೆಯ ಪರೀಕ್ಷೆ ಇಡಲಿಲ್ಲ. ಪ್ರತಿ ಗುಂಪು ತನ್ನ ಒಂದು ಫೈಲನ್ನು ಬೇರೆ ಗುಂಪಿನ ಯಂತ್ರದಲ್ಲಿ ಒಂದು ನಿಮಿಷದೊಳಗೆ ತೆರೆದು ತೋರಿಸಬೇಕು. ಮೂರು ಗುಂಪು ತೋರಿಸಿದವು. ಹಲಸಿಯ ಗುಂಪಿಗೆ ಸಿಗಲಿಲ್ಲ. ಅವರು ದೇವಸ್ಥಾನದ ಚಿತ್ರಗಳನ್ನು ಡ್ರೈವ್‌ಗೆ ಹಾಕುವಾಗ ನೆಟ್‌ವರ್ಕ್ ಹೋಗಿತ್ತು. ನೆಟ್ ಇಲ್ಲದಾಗ ಡ್ರೈವ್‌ಗೆ ಹಾಕಿದ್ದು ನೆಟ್ ಬರುವ ತನಕ ಅದೇ ಯಂತ್ರದಲ್ಲಿ ಕಾಯುತ್ತದೆ. ಹಾಕಿದ ಯಂತ್ರದಲ್ಲಿ ನೋಡಿದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಆದ್ದರಿಂದ ತರಗತಿಗೆ ಒಂದು ನಿಯಮ ಬಂತು: ಬೇರೆ ಯಂತ್ರದಲ್ಲಿ ತೆರೆದು ನೋಡುವ ತನಕ ಮೂಲ ಅಳಿಸಬಾರದು. ಮೊದಲ ದಿನ ನಾನು ಈ ನಿಯಮವನ್ನು ಪಾಲಿಸಿದ್ದರೆ ಹಾಡು ಉಳಿಯುತ್ತಿತ್ತು.

ಸಹ ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಒಂದು, ಕರೆಂಟು ಮತ್ತು ನೆಟ್. ಖಾನಾಪುರ ಸಹ್ಯಾದ್ರಿಯ ಸೆರಗಿನ ತಾಲೂಕು, ಮಳೆಗಾಲದಲ್ಲಿ ಎರಡನ್ನೂ ನಂಬುವಂತಿಲ್ಲ. ಪಾಠಕ್ಕೆ ಬೇಕಾದ ಫೈಲುಗಳನ್ನು ಹಿಂದಿನ ದಿನವೇ ‘ಫೈಲ್ಸ್’ನಲ್ಲಿ ಆರಿಸಿ ಆಫ್‌ಲೈನ್‌ನಲ್ಲೂ ಲಭ್ಯವಿರುವಂತೆ ಗುರುತು ಮಾಡಿಕೊಳ್ಳಿ. ನಾಲ್ಕು ಯಂತ್ರಗಳಿದ್ದರೆ ನಾಲ್ಕರಲ್ಲೂ ಮಾಡಬೇಕು.

ಎರಡು, ಹಳೆಯ ಟಿಪ್ಪಣಿಗಳು. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪಿಸಿದ ಪಾಠ ಯೋಜನೆಗಳು ಕ್ರೋಮ್‌ಬುಕ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಆ ವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ರೂಪವನ್ನು ಕೂರಿಸುತ್ತಿದ್ದವು. ಆ ವಿನ್ಯಾಸ ಇಲ್ಲದ ಯಂತ್ರಕ್ಕೆ ಕಾಣುವುದು ಕೆಳಗಿನ ಇಂಗ್ಲಿಷ್ ಮಾತ್ರ. ಕನ್ನಡದಲ್ಲಿ ಹುಡುಕಿದರೆ ಅವು ಸಿಗುವುದೂ ಇಲ್ಲ. ಡ್ರೈವ್‌ಗೆ ಹಾಕುವ ಮೊದಲು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿ.

ಮೂರು, ಹಂಚಿಕೆ. ಮಕ್ಕಳ ಚಿತ್ರ, ಅಂಕಪಟ್ಟಿ ಇರುವ ಫೋಲ್ಡರನ್ನು ‘ಲಿಂಕ್ ಇರುವ ಯಾರಾದರೂ’ ನೋಡುವಂತೆ ತೆರೆದಿಡಬೇಡಿ. ಬೇಕಾದವರನ್ನು ಹೆಸರಿಸಿ ಹಂಚಿ. ಹೆಚ್ಚಿನವರಿಗೆ ನೋಡುವ ಅನುಮತಿ ಸಾಕು, ತಿದ್ದುವ ಅನುಮತಿ ಬೇಡ.

ನಾಲ್ಕು, ಇದನ್ನು ನಾವು ಬಹುತೇಕ ಮರೆಯುತ್ತೇವೆ: ಅಭ್ಯಾಸ ಬೋಧನೆ ಮುಗಿದ ಮೇಲೆ ನಾವು ಹೋಗುತ್ತೇವೆ, ಶಾಲೆ ಅಲ್ಲೇ ಇರುತ್ತದೆ. ಮಕ್ಕಳ ಕೆಲಸ ನಮ್ಮ ಸ್ವಂತ ಖಾತೆಯಲ್ಲಿದ್ದರೆ ಅದೂ ನಮ್ಮೊಡನೆ ಹೋಗುತ್ತದೆ. ನಾನು ಯೋಜನೆಯ ಖಾತೆಯನ್ನು ಬೇರೆಯಾಗಿಯೇ ಮಾಡಿದ್ದೆ, ಆದರೆ ಮರುಪಡೆಯುವ ಸಂಖ್ಯೆ ನನ್ನ ಫೋನಿನದೇ ಇತ್ತು. ಕೊನೆಯ ದಿನ ಅದನ್ನು ಮುಖ್ಯೋಪಾಧ್ಯಾಯರ ಸಂಖ್ಯೆಗೆ ಬದಲಿಸಿ, ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ತರಗತಿ ಶಿಕ್ಷಕರಿಗೆ ಕೊಟ್ಟೆ.

ಅಜ್ಜಿಯ ಮನೆಗೆ ಆ ಹುಡುಗಿಯೊಡನೆ ನಾನೂ ಹೋದೆ. ತಪ್ಪು ನನ್ನದೆಂದು ಹೇಳಿದೆ. “ಅವತ್ತ ಹಾಡಿದ್ದ ಅವತ್ತಿಗೇ ಹೋತು ತಂಗಿ, ಇವತ್ತ ಬ್ಯಾರೆ ಹಾಡ್ತೀನಿ ಕೇಳು” ಎಂದು ಅವರು ಹಾಡಿದರು. ಮೊದಲ ಸಲ ಹಾಡಿದ್ದರಲ್ಲಿ ತಾಯಿಯ ದುಃಖದ ಭಾಗ ಉದ್ದ ಇತ್ತು, ಈ ಸಲ ಅದು ಬರಲಿಲ್ಲ ಎಂದು ಮೊಮ್ಮಗಳು ದಾರಿಯಲ್ಲಿ ಹೇಳಿದಳು. ಮರುದಿನ ಆ ಹಾಡನ್ನು ಅವಳೇ ಡ್ರೈವ್‌ಗೆ ಹಾಕಿ, ದಿನಾಂಕ ಬರೆದು, ಇನ್ನೊಂದು ಯಂತ್ರಕ್ಕೆ ಹೋಗಿ ಪೂರ್ತಿ ಕೇಳಿದಳು. ಫೋನಿನದನ್ನು ಅಳಿಸಲಿಲ್ಲ. ಅಳಿಸು ಎಂದು ನಾನೂ ಹೇಳಲಿಲ್ಲ.